ಕಾಪಿರೈಟ್ ಮತ್ತು ಮಾತಾಡುವ ಹಕ್ಕು: ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವವನು. ಹೊಲ, ಮನೆ, ಪಾಲು, ನೌಕರಿ ಇವೇ ಇಲ್ಲಿ ಹೆಚ್ಚಾಗಿ ಬರುವ ಕೇಸುಗಳು. ಈಚೆಗೆ ಮಾತ್ರ ಯೂಟ್ಯೂಬ್ ಚಾನೆಲ್ ನಡೆಸುವ ಹುಡುಗರು, ಭಜನಾ ಮಂಡಳಿಯವರು, ಜೆರಾಕ್ಸ್ ಅಂಗಡಿಯವರು, ಪಿಎಚ್‌ಡಿ ಮಾಡುವವರು ಕಾಪಿರೈಟ್ ಬಗ್ಗೆ ಕೇಳುವುದು ಜಾಸ್ತಿಯಾಗಿದೆ. ಕೇಳುವ ಬಹಳ ಮಂದಿ ಆಗಲೇ ಹೆದರಿರುತ್ತಾರೆ. ಕೆಲವರಿಗೆ ಮಾತ್ರ ಏನೂ ಹೆದರಿಕೆ ಇರುವುದಿಲ್ಲ, ಅವರಿಗೆ ಸ್ವಲ್ಪ ಹೆದರಿಕೆ ಬೇಕು. ಇಬ್ಬರಿಗೂ ಆಗಲಿ ಅಂತ ಇದನ್ನು ಬರೆದಿದ್ದೇನೆ. ನಿಮ್ಮದೇ ಕೇಸ್ ಇದ್ದರೆ ಕಾಗದಪತ್ರ ಹಿಡಿದು ಯಾರಾದರೂ ವಕೀಲರನ್ನು ನೋಡಿ.

ಕಾಪಿರೈಟ್ ಅಂದರೆ ಏನು? ರಿಜಿಸ್ಟರ್ ಮಾಡಿಸಬೇಕಾ?

ನೀವು ಬರೆದದ್ದು, ರಾಗ ಹಾಕಿದ್ದು, ಬಿಡಿಸಿದ್ದು, ಶೂಟ್ ಮಾಡಿದ್ದನ್ನು ಬೇರೆಯವರು ಕೇಳದೆ ನಕಲು ಮಾಡಬಾರದು ಎಂಬ ಹಕ್ಕು. ನಮ್ಮಲ್ಲಿ ಇದಕ್ಕೆ 1957ರ ಕಾಪಿರೈಟ್ ಕಾಯ್ದೆ ಇದೆ. ರಿಜಿಸ್ಟರ್ ಕಡ್ಡಾಯವಲ್ಲ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಆಮೇಲೆ ಅದು ಎಲ್ಲರದು.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ. ಈ ಹಕ್ಕು ಇರುವುದು ಹೇಳಿದ ರೀತಿಗೆ, ಹೇಳಿದ ವಿಷಯಕ್ಕಲ್ಲ. ತೊಗರಿ ಬೆಳೆದ ರೈತ ಸಾಲದಲ್ಲಿ ಮುಳುಗಿದ ಕತೆಯನ್ನು ಯಾರು ಬೇಕಾದರೂ ಬರೆಯಬಹುದು. ಭೀಮಾ ನದಿಗೆ ನೀರು ಬಂದು ಅಫಜಲಪುರದ ಹೊಲ ಮುಳುಗಿದ ಸುದ್ದಿಯನ್ನು ಮೊದಲು ಹಾಕಿದ ಪತ್ರಿಕೆಗೆ ಆ ಸುದ್ದಿಯ ಮೇಲೆ ಒಡೆತನ ಇಲ್ಲ. ಅದರ ವಾಕ್ಯಗಳ ಮೇಲೆ, ಫೋಟೊ ಮೇಲೆ ಇದೆ. ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿದೆ.

ಹಾಗಿದ್ದರೆ ಮಾತಿನ ಸ್ವಾತಂತ್ರ್ಯದ ಜೊತೆ ಜಗಳ ಎಲ್ಲಿಂದ ಬಂತು?

ಸಂವಿಧಾನದ 19(1)(ಎ) ನಮಗೆ ಮಾತಾಡುವ ಹಕ್ಕು ಕೊಟ್ಟಿದೆ. 19(2)ರಲ್ಲಿ ಅದಕ್ಕೆ ಯಾವ ಕಾರಣಕ್ಕೆ ಮಿತಿ ಹಾಕಬಹುದು ಎಂಬ ಪಟ್ಟಿ ಇದೆ: ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ, ನ್ಯಾಯಾಂಗ ನಿಂದನೆ ಹೀಗೆ. ಆ ಪಟ್ಟಿಯಲ್ಲಿ ಕಾಪಿರೈಟ್ ಎಂಬ ಹೆಸರೇ ಇಲ್ಲ! ಆದರೂ ಕಾಪಿರೈಟ್ ಹೆಸರಲ್ಲಿ ಕೋರ್ಟ್ ನಿಮ್ಮ ವಿಡಿಯೊ ತೆಗೆಸಬಹುದು, ಪುಸ್ತಕ ನಿಲ್ಲಿಸಬಹುದು. ಇದು ಹೇಗೆ ಸರಿ ಅಂತ ಕಾನೂನು ಓದುವ ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಇದಕ್ಕೆ ಸಿಗುವ ಉತ್ತರ ಇಷ್ಟು: ಮಾತಿಗೆ ಬೇಕಾದ ಜಾಗವನ್ನು ಕಾಪಿರೈಟ್ ಕಾಯ್ದೆಯೇ ತನ್ನೊಳಗೆ ಬಿಟ್ಟಿದೆ. ಆ ಜಾಗದ ಹೆಸರು ಸೆಕ್ಷನ್ 52. ವಿಮರ್ಶೆ, ಸುದ್ದಿ, ಸ್ವಂತ ಓದು, ಸಂಶೋಧನೆ, ಪಾಠ ಇವುಗಳಿಗೆ ನ್ಯಾಯವಾದ ಮಟ್ಟಿಗೆ ಬಳಸಿದರೆ ಅದು ಕಳ್ಳತನವೇ ಅಲ್ಲ. ಈ ಸೆಕ್ಷನ್ ಇರುವುದೇ ಅಭಿವ್ಯಕ್ತಿ ಸ್ವಾತಂತ್ರ್ಯ ಕಾಪಾಡಲು ಎಂದು ದಿಲ್ಲಿ ಹೈಕೋರ್ಟ್ 1990ರ ದಶಕದಲ್ಲೇ ಹೇಳಿತ್ತು.

ನನ್ನ ಅನುಭವದಲ್ಲಿ ಕಾಯ್ದೆಯ ಬರಹ ಅಷ್ಟು ಕೆಟ್ಟದ್ದಲ್ಲ. ಬಾಯಿ ಮುಚ್ಚಿಸುವುದು ನೋಟಿಸ್, ಯೂಟ್ಯೂಬ್ ಸ್ಟ್ರೈಕ್, ದೂರದ ಊರಿನ ಕೋರ್ಟು. ಕೇಸ್ ನಡೆದು ತೀರ್ಪು ಬರುವ ಮುಂಚೆಯೇ ಮಂದಿ ವಿಡಿಯೊ ಡಿಲೀಟ್ ಮಾಡಿ ಸುಮ್ಮನಾಗುತ್ತಾರೆ.

ಎಷ್ಟು ಸೆಕೆಂಡ್ ಬಳಸಿದರೆ ನಡೆಯುತ್ತದೆ? ಏಳಾ, ಮೂವತ್ತಾ?

ಅಂಥ ಲೆಕ್ಕ ಭಾರತದ ಕಾನೂನಿನಲ್ಲಿ ಇಲ್ಲ. ಯಾರೋ ರೀಲ್ಸ್‌ನಲ್ಲಿ ಹೇಳಿದ್ದು ಅದು. ಕೋರ್ಟ್ ನೋಡುವುದು ಮೂರು ಮಾತು: ಎಷ್ಟು ತೆಗೆದುಕೊಂಡಿರಿ, ಯಾಕೆ ತೆಗೆದುಕೊಂಡಿರಿ, ನಿಮ್ಮದನ್ನು ನೋಡಿದವರು ಮೂಲವನ್ನು ಕೊಳ್ಳುವುದು ಬಿಡುತ್ತಾರಾ. ಸಿನಿಮಾದ ಹತ್ತು ಸೆಕೆಂಡ್ ತೋರಿಸಿ ಹತ್ತು ನಿಮಿಷ ಬೈದರೆ ಅದು ವಿಮರ್ಶೆ. ಪೂರ್ತಿ ಹಾಡು ಹಾಕಿ ಕೊನೆಗೆ 'ಸೂಪರ್' ಅಂದರೆ ವಿಮರ್ಶೆ ಅಲ್ಲ. 'ಕ್ರೆಡಿಟ್ಸ್ ಟು ಓನರ್' ಅಂತ ಬರೆದರೂ ಅಲ್ಲ. ಹೆಸರು ಹಾಕುವುದು ಒಳ್ಳೆಯ ನಡತೆ, ಅಷ್ಟೇ. ಅದು ಅನುಮತಿ ಆಗುವುದಿಲ್ಲ.

ಸಿನಿಮಾ ಸ್ಟಿಲ್ ಇಟ್ಟು ರಾಜಕಾರಣಿಗಳ ಮೀಮ್ ಮಾಡುತ್ತೇನೆ. ತಪ್ಪಾ?

ನಮ್ಮ ಕಾಯ್ದೆಯಲ್ಲಿ ಅಣಕಕ್ಕೆ ಅಂತ ಬೇರೆ ವಿನಾಯಿತಿ ಬರೆದಿಲ್ಲ. 'ಆ ಕೃತಿಯ ಅಥವಾ ಬೇರೆ ಕೃತಿಯ ವಿಮರ್ಶೆ' ಎಂಬ ಮಾತಿನೊಳಗೆ ಎಳೆದು ತರಬೇಕು. ಒಂದು ಸ್ಟಿಲ್‌ಗಾಗಿ ನಿರ್ಮಾಪಕರು ಕೋರ್ಟಿಗೆ ಹೋಗುವ ಸಾಧ್ಯತೆ ಕಡಿಮೆ. ಮೀಮ್ ಮಾಡುವವರಿಗೆ ತೊಂದರೆ ಬರುವುದು ಹೆಚ್ಚಾಗಿ ಮಾನಹಾನಿ ಕಡೆಯಿಂದ.

ಟಿವಿ ಚಾನೆಲ್‌ನ ಕ್ಲಿಪ್ ಬಳಸಿ ನಮ್ಮೂರ ರಸ್ತೆ ಬಗ್ಗೆ ವಿಡಿಯೊ ಮಾಡಿದೆ. ಸ್ಟ್ರೈಕ್ ಬಂತು. ಈಗೇನು?

ಮೊದಲು ಬಂದದ್ದು ಕ್ಲೇಮಾ, ಸ್ಟ್ರೈಕಾ ನೋಡಿ. ಬಹಳ ಮಂದಿ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಕಂಟೆಂಟ್ ಐಡಿ ಕ್ಲೇಮ್ ಅಂದರೆ ಯಂತ್ರ ಹಿಡಿದದ್ದು. ವಿಡಿಯೊ ಬಹುತೇಕ ಉಳಿಯುತ್ತದೆ, ಜಾಹೀರಾತಿನ ದುಡ್ಡು ಅವರ ಕಡೆ ಹೋಗುತ್ತದೆ. ನೀವು ತಕರಾರು ಹಾಕಿದರೆ ಉತ್ತರಿಸಲು ಅವರಿಗೆ 30 ದಿನ. ಉತ್ತರ ಬರದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ.

ಸ್ಟ್ರೈಕ್ ಬೇರೆ. ಮಾಲೀಕರೇ ಕಾನೂನಿನ ಪ್ರಕಾರ ತೆಗೆಯಿರಿ ಎಂದಾಗ ಬರುವುದು ಅದು. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಇದು ನಡೆಯುವುದು ಅಮೆರಿಕದ 1998ರ ಕಾನೂನಿನ ಮೇಲೆ. ನೀವು ಕೌಂಟರ್ ನೋಟಿಸ್, ಅಂದರೆ ತೆಗೆದದ್ದು ತಪ್ಪು ಎಂಬ ಎದುರು ನೋಟಿಸ್ ಕೊಡಬಹುದು. ಕೊಟ್ಟ ಮೇಲೆ ಹತ್ತು ಕೆಲಸದ ದಿನಗಳೊಳಗೆ ಅವರು ದಾವೆ ಹೂಡಿದ್ದನ್ನು ತೋರಿಸದಿದ್ದರೆ ವಿಡಿಯೊ ವಾಪಸ್ ಬರುತ್ತದೆ. ಆದರೆ ಆ ಫಾರಂನಲ್ಲಿ ನಿಮ್ಮ ನಿಜ ಹೆಸರು, ವಿಳಾಸ ಕೊಡಬೇಕು. ಅದು ಎದುರಿನವರ ಕೈಗೆ ಹೋಗುತ್ತದೆ. ಯೂಟ್ಯೂಬ್ ಇರುವ ಅಮೆರಿಕದ ಜಿಲ್ಲೆಯ ಕೋರ್ಟಿನ ಅಧಿಕಾರ ಒಪ್ಪುತ್ತೇನೆ ಅಂತಲೂ ಬರೆಯಬೇಕು. ಸೇಡಂನ ಹುಡುಗ ಕ್ಯಾಲಿಫೋರ್ನಿಯಾದ ಕೋರ್ಟಿಗೆ ಒಪ್ಪಿಗೆ ಹಾಕುವುದು ಅಂದರೆ ಕೈ ನಡುಗುವುದು ಸಹಜ. ಹೀಗಾಗಿ ಗೆಲ್ಲಬಹುದಾದವರೂ ಕೌಂಟರ್ ಹಾಕುವುದಿಲ್ಲ.

ನಮ್ಮ ದೇಶದ ಕಾಯ್ದೆಯಲ್ಲಿ ಇದಕ್ಕಿಂತ ಮೆತ್ತಗಿನ ದಾರಿ ಇದೆ. ದೂರು ಬಂದರೆ 21 ದಿನ ತಡೆಹಿಡಿಯಬೇಕು, ಅಷ್ಟರೊಳಗೆ ದೂರುದಾರರು ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಆದರೆ ನಿಮಗೆ ಬರುವ ಮೇಲ್‌ನಲ್ಲಿ ಈ ದಾರಿಯ ಸುದ್ದಿ ಇರುವುದಿಲ್ಲ.

ನಿಮ್ಮ ವಿಡಿಯೊ ವಿಷಯಕ್ಕೆ ಬಂದರೆ: ಪ್ರಚಲಿತ ವಿಷಯದ ವರದಿಗೆ ಬೇಕಾದಷ್ಟೇ ಕ್ಲಿಪ್ ಬಳಸಿದ್ದರೆ, ಮೇಲೆ ನಿಮ್ಮದೇ ಮಾತಿದ್ದರೆ ನಿಮ್ಮ ಪಕ್ಷ ಗಟ್ಟಿ. ಅವರ ಬುಲೆಟಿನ್ ಪೂರ್ತಿ ಎತ್ತಿ ಹಾಕಿದ್ದರೆ ತೆಗೆದುಬಿಡಿ. ಅದೇ ರಸ್ತೆಯ ಗುಂಡಿಯನ್ನು ನಿಮ್ಮ ಮೊಬೈಲ್‌ನಲ್ಲೇ ತೆಗೆಯಬಹುದಿತ್ತು, ಅಲ್ವಾ?

ಒಂದು ಹಾಡಿಗಾಗಿ ಇಡೀ ಅಕೌಂಟ್ ಮುಚ್ಚಿಸಬಹುದಾ?

ಇದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆ ಇದೆ. 2022ರಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ಒಂದು ಕನ್ನಡ ಸಿನಿಮಾದ ಸಂಗೀತ ಬಳಸಿದ್ದಾರೆ ಎಂದು ಬೆಂಗಳೂರಿನ ಸಂಗೀತ ಕಂಪನಿಯೊಂದು ಕೋರ್ಟಿಗೆ ಹೋಯಿತು. ಬೆಂಗಳೂರಿನ ಕಮರ್ಷಿಯಲ್ ಕೋರ್ಟ್ ನವೆಂಬರ್ 7ರಂದು ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು. ಮಾರನೇ ದಿನವೇ ಹೈಕೋರ್ಟ್ ಆ ಆದೇಶ ತೆಗೆದುಹಾಕಿತು. ಜೊತೆಗೆ, ಆ ಸಂಗೀತ ಇರುವ ವಿಡಿಯೊ ಮಾತ್ರ ತೆಗೆಯಬೇಕು ಎಂದು ಷರತ್ತು ಹಾಕಿತು.

ನೀವು ಯಾವ ಪಕ್ಷದವರಾದರೂ ಇರಿ, ಹೈಕೋರ್ಟ್ ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ತಪ್ಪಿರುವ ವಿಡಿಯೊ ತೆಗೆಯಿರಿ. ಒಂದು ತುಣುಕಿಗಾಗಿ ಖಾತೆಯ ಎಲ್ಲ ಮಾತನ್ನೂ ಮುಚ್ಚುವುದು ಹಾಡನ್ನು ಕಾಪಾಡಿದಂತಾಗುವುದಿಲ್ಲ. ಹಾಗಂತ ಪಕ್ಷಕ್ಕೆ ಪೂರ್ತಿ ಮಾಫಿ ಸಿಗಲಿಲ್ಲ. ಕಂಪನಿ ಕೊಟ್ಟ ಕ್ರಿಮಿನಲ್ ಕೇಸನ್ನು ರದ್ದು ಮಾಡಲು 2023ರಲ್ಲಿ ಅದೇ ಹೈಕೋರ್ಟ್ ಒಪ್ಪಲಿಲ್ಲ.

ವಚನಗಳಿಗೆ ಕಾಪಿರೈಟ್ ಇದೆಯಾ?

ಹನ್ನೆರಡನೇ ಶತಮಾನದ ಮಾತಿಗೆ ಯಾರ ಕಾಪಿರೈಟ್? ಬಸವಕಲ್ಯಾಣದಿಂದ ಹಿಡಿದು ಎಲ್ಲಿ ಬೇಕಾದರೂ ಹಾಡಿ, ಬರೆಯಿರಿ, ಅಚ್ಚು ಹಾಕಿ. ಮಳಖೇಡದ ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗಕ್ಕೂ ಅಷ್ಟೇ. ಆದರೆ ಈಗಿನವರು ಬರೆದ ಅರ್ಥ, ಟಿಪ್ಪಣಿ, ಮುನ್ನುಡಿ ಅವರದು. ವಚನ ತೆಗೆದುಕೊಳ್ಳಿ, ಟಿಪ್ಪಣಿ ಬಿಡಿ. ಗಾಯಕರು ಹಾಕಿದ ಹೊಸ ರಾಗ, ಕಂಪನಿ ಮಾಡಿದ ರೆಕಾರ್ಡಿಂಗ್ ಕೂಡ ಬೇರೆ ಬೇರೆ ಹಕ್ಕುಗಳು.

ಒಂದು ಖುಷಿಯ ಸುದ್ದಿ. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. 60 ವರ್ಷದ ಲೆಕ್ಕ 2024ರ ಕೊನೆಗೆ ಮುಗಿಯಿತು. 2025ರ ಜನವರಿ 1ರಿಂದ ಅವರ ಬರಹ ಎಲ್ಲರದು. ಬೇಂದ್ರೆಯವರಿಗೆ 2041ರ ಕೊನೆಯವರೆಗೆ, ಕುವೆಂಪು ಅವರಿಗೆ 2054ರ ಕೊನೆಯವರೆಗೆ ಕಾಯಬೇಕು. ತೀರಿಕೊಂಡ ಮೇಲೆ 60 ವರ್ಷ ಜಾಸ್ತಿಯೇ ಆಯಿತು ಅಂತ ನನಗೆ ಅನಿಸುತ್ತದೆ. ಮೊದಲು 50 ಇತ್ತು, 1992ರಲ್ಲಿ ಹತ್ತು ಸೇರಿಸಿದರು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಬಸವಣ್ಣನವರ ಅಂಕಿತವನ್ನು ಬದಲಿಸಿ ಮಾತೆ ಮಹಾದೇವಿಯವರು ತಂದ ಪುಸ್ತಕವನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಹಳ ಮಂದಿ ಇದನ್ನು ಕಾಪಿರೈಟ್ ಕೇಸ್ ಅಂದುಕೊಂಡಿದ್ದಾರೆ. ಅಲ್ಲ. ಅದು ಧಾರ್ಮಿಕ ಭಾವನೆಗೆ ನೋವು ಎಂಬ ಬೇರೆ ಕಾನೂನಿನ ಕೇಸ್.

ಅಜ್ಜಿ ಹಾಡಿದ ಮೊಹರಂ ಪದ ಅಪ್‌ಲೋಡ್ ಮಾಡಿದೆ. ಯಾವುದೋ ಆಡಿಯೊ ಕಂಪನಿ ತನ್ನದು ಅನ್ನುತ್ತಿದೆ!

ಮೊಹರಂ ಪದ, ಡೊಳ್ಳಿನ ಪದ, ಕಡಕೋಳ ಮಡಿವಾಳಪ್ಪನವರ ತತ್ವಪದ ಇವು ಯಾವ ಕಂಪನಿಯ ಆಸ್ತಿಯೂ ಅಲ್ಲ. ಕಂಪನಿಗೆ ಹಕ್ಕಿರುವುದು ತಾನು ಮಾಡಿದ ರೆಕಾರ್ಡಿಂಗ್ ಮೇಲೆ, ಹೊಸದಾಗಿ ಕೂಡಿಸಿದ ಸಂಗೀತದ ಮೇಲೆ. ಯಂತ್ರಕ್ಕೆ ಧಾಟಿ ಒಂದೇ ಕೇಳಿಸುತ್ತದೆ, ನಿಮ್ಮ ಅಜ್ಜಿಯ ದನಿಯನ್ನೂ ತನ್ನದೇ ಅನ್ನುತ್ತದೆ. ಧೈರ್ಯವಾಗಿ ತಕರಾರು ಹಾಕಿ. 'ಸಾಂಪ್ರದಾಯಿಕ ಹಾಡು, ನಮ್ಮದೇ ಹೊಸ ರೆಕಾರ್ಡಿಂಗ್' ಎಂದು ಬರೆಯಿರಿ. ಮೂಲ ಫೈಲ್ ಇಟ್ಟುಕೊಂಡಿರಿ.

ಇದರ ಇನ್ನೊಂದು ಮಗ್ಗುಲನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಊರೂರು ತಿರುಗಿ ಹಾಡುವವರನ್ನು ಕೂಡಿಸಿ ರೆಕಾರ್ಡ್ ಮಾಡಿ ಚಾನೆಲ್‌ಗೆ ಹಾಕುವವರು ಜಾಸ್ತಿಯಾಗಿದ್ದಾರೆ. ಹಾಡಿದವರ ಹೆಸರೂ ಇರುವುದಿಲ್ಲ. ಹಾಡು ಹಳೆಯದಿರಬಹುದು, ಹಾಡುವವರಿಗೆ ಹಕ್ಕಿದೆ. ಕಾಯ್ದೆಯಲ್ಲಿ ಅದು ಪ್ರದರ್ಶಕರ ಹಕ್ಕು, 50 ವರ್ಷ ಇರುತ್ತದೆ. ಅವರನ್ನು ಕೇಳದೆ ರೆಕಾರ್ಡ್ ಮಾಡುವಂತಿಲ್ಲ, ಅವರ ಹೆಸರು ಹೇಳಬೇಕು. 'ಜಾನಪದ ಎಲ್ಲರದು, ನಮಗೆ ಅಭಿವ್ಯಕ್ತಿ ಸ್ವಾತಂತ್ರ್ಯ ಇದೆ' ಅಂತ ನನ್ನ ಮುಂದೆ ವಾದಿಸಿದವರಿದ್ದಾರೆ. ಹಾಡು ಎಲ್ಲರದು ನಿಜ, ಆ ಹೆಣ್ಣುಮಗಳ ಗಂಟಲು ಎಲ್ಲರದಲ್ಲ.

ಮದುವೆಯಲ್ಲಿ ಸಿನಿಮಾ ಹಾಡು ಹಾಕಿದರೆ ದುಡ್ಡು ಕಟ್ಟಬೇಕಾ?

ಬೇಡ. ಮದುವೆ ಮೆರವಣಿಗೆ, ಮದುವೆಗೆ ಸೇರಿದ ಸಮಾರಂಭ, ಧಾರ್ಮಿಕ ಆಚರಣೆ ಇವಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಯಾರೂ ರಾಯಲ್ಟಿ ಕೇಳಬಾರದು ಎಂದು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಮತ್ತೊಮ್ಮೆ ಪ್ರಕಟಣೆ ಹೊರಡಿಸಿತು. ಡಿಜೆ ಶಬ್ದಕ್ಕೆ ಪೊಲೀಸರು ಬಂದರೆ ಅದು ಬೇರೆ ವಿಷಯ.

ಜಾತ್ರೆಗೆ ಊರ ಹುಡುಗರು ನಾಟಕ ಆಡುತ್ತೇವೆ. ನಾಟಕ ಬರೆದ ಕವಿಗಳ ಅನುಮತಿ ಬೇಕಾ?

ಹವ್ಯಾಸಿಗಳು ಟಿಕೆಟ್ ಇಲ್ಲದೆ ಆಡಿದರೆ, ಅಥವಾ ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಗೆ ಸಹಾಯಾರ್ಥ ಆಡಿದರೆ ವಿನಾಯಿತಿ ಇದೆ. ಟಿಕೆಟ್ ಇಟ್ಟು, ನಟಿಯರನ್ನು ಸಂಬಳಕ್ಕೆ ಕರೆಸಿ ಆಡಿದರೆ ಕೇಳಿಕೊಳ್ಳುವುದು ಒಳ್ಳೆಯದು. ಬರೆದವರು ನಮ್ಮ ಕಡೆಯವರೇ ಇರುತ್ತಾರೆ, ಒಂದು ಫೋನ್, ಒಂದು ಶಾಲು, ಸ್ವಲ್ಪ ಗೌರವಧನ. ಅಷ್ಟಕ್ಕೆ ಬೇಡ ಅನ್ನುವ ಕವಿಯನ್ನು ನಾನು ಕಂಡಿಲ್ಲ.

ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆ ಕೇಸ್ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಕಾರಂತರು ಉಯಿಲಿನಲ್ಲಿ ಹಕ್ಕು ಕೊಟ್ಟ ಮಾಲಿನಿ ಮಲ್ಯ ಅವರ ಪರ ತೀರ್ಪು ಬಂತು, ಅವರನ್ನು ಕೇಳದೆ ಆ ಬ್ಯಾಲೆ ಆಡದಂತೆ ಇದ್ದ ತಡೆಯಾಜ್ಞೆ ಉಳಿಯಿತು. ಜೊತೆಗೆ, ಕಾಯ್ದೆ ಕೊಟ್ಟಿರುವ ವಿನಾಯಿತಿಯೊಳಗೆ ಆಡಲು ಆ ತಡೆಯಾಜ್ಞೆ ಅಡ್ಡ ಬರುವುದಿಲ್ಲ ಎಂದೂ ಕೋರ್ಟ್ ಹೇಳಿತು.

ಒಂದು ನಾಟಕದ ವಿಚಾರ ಒಪ್ಪದೆ ಅದಕ್ಕೆ ಎದುರು ನಾಟಕ ಬರೆದರೆ?

ಬರೆಯಿರಿ. 1996ರಲ್ಲಿ ಕೇರಳ ಹೈಕೋರ್ಟ್ ಮುಂದೆ ಸಿವಿಕ್ ಚಂದ್ರನ್ ಅವರ ಇಂಥದ್ದೇ ಕೇಸ್ ಬಂತು. ಹಳೆಯ ರಾಜಕೀಯ ನಾಟಕದ ಪಾತ್ರಗಳನ್ನೂ ಮಾತುಗಳನ್ನೂ ತೆಗೆದುಕೊಂಡು, ಅದರ ರಾಜಕೀಯವನ್ನೇ ಪ್ರಶ್ನಿಸುವ ನಾಟಕ ಬರೆದಿದ್ದರು. ಮೂಲವನ್ನು ಟೀಕಿಸಲು ತೆಗೆದುಕೊಂಡದ್ದು, ನಕಲು ಮಾಡಿ ಲಾಭ ಹೊಡೆಯಲು ಅಲ್ಲ ಎಂದು ಕೋರ್ಟ್ ಒಪ್ಪಿತು. ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ತೀರ್ಪು ಇದು. ಇನ್ನೊಬ್ಬರ ಮಾತು ಎತ್ತಿಕೊಳ್ಳದೆ ಅವರಿಗೆ ಉತ್ತರ ಕೊಡುವುದಾದರೂ ಹೇಗೆ? ನಮ್ಮ ಮರತೂರಿನ ವಿಜ್ಞಾನೇಶ್ವರನ ಮಿತಾಕ್ಷರವೇ ಇನ್ನೊಂದು ಗ್ರಂಥದ ಮೇಲಿನ ವ್ಯಾಖ್ಯಾನ. ಆ ಗ್ರಂಥದ ಮಾತುಗಳನ್ನು ಎತ್ತಿಕೊಳ್ಳದೆ ಅದನ್ನು ಬರೆಯುವುದೇ ಆಗುತ್ತಿರಲಿಲ್ಲ.

ಯೂನಿವರ್ಸಿಟಿ ಹತ್ತಿರ ಜೆರಾಕ್ಸ್ ಅಂಗಡಿ ಇದೆ. ಪುಸ್ತಕದ ಪಾಠ ಜೆರಾಕ್ಸ್ ಮಾಡಿಕೊಟ್ಟರೆ ಹಿಡಿಯುತ್ತಾರಾ?

ಈ ಪ್ರಶ್ನೆಗೆ ದಿಲ್ಲಿಯಲ್ಲಿ ದೊಡ್ಡ ಕೇಸೇ ನಡೆದಿದೆ. ದಿಲ್ಲಿ ವಿಶ್ವವಿದ್ಯಾಲಯದ ರಾಮೇಶ್ವರಿ ಜೆರಾಕ್ಸ್ ಅಂಗಡಿ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಸೇರಿ ವಿದೇಶಿ ಪ್ರಕಾಶಕರು ದಾವೆ ಹೂಡಿದರು. 2016ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು ದಾವೆ ವಜಾ ಮಾಡಿದರು. ಕಾಪಿರೈಟ್ ಎಂಬುದು ದೇವರು ಕೊಟ್ಟ ಹಕ್ಕಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಡಿಸೆಂಬರ್‌ನಲ್ಲಿ ಎರಡು ನ್ಯಾಯಮೂರ್ತಿಗಳ ಪೀಠವೂ ಮುಖ್ಯ ಮಾತು ಒಪ್ಪಿತು: ಪಾಠಕ್ಕೆ ನಿಜಕ್ಕೂ ಬೇಕಾದಷ್ಟು ನಕಲು ಮಾಡಬಹುದು, ಇಂತಿಷ್ಟೇ ಪುಟ ಎಂಬ ಮಿತಿ ಇಲ್ಲ. 2017ರಲ್ಲಿ ಪ್ರಕಾಶಕರು ಕೇಸ್ ವಾಪಸ್ ತೆಗೆದುಕೊಂಡರು.

ಹಾಗಂತ ಇಡೀ ಗೈಡ್ ಜೆರಾಕ್ಸ್ ಮಾಡಿ, ಬೈಂಡ್ ಹಾಕಿ, ಕೌಂಟರ್ ಮೇಲೆ ಪೇರಿಸಿಟ್ಟು ಮಾರಬೇಡಿ. ಅದಕ್ಕೂ ಪಾಠಕ್ಕೂ ಸಂಬಂಧ ಇಲ್ಲ. ಕನ್ನಡದ ಸಣ್ಣ ಪ್ರಕಾಶಕರು ಒಂದು ಪುಸ್ತಕದ ಸಾವಿರ ಪ್ರತಿ ಮಾರಲು ಒದ್ದಾಡುತ್ತಾರೆ. ಅವರ ಪುಸ್ತಕದ ಪಿಡಿಎಫ್ ವಾಟ್ಸಾಪ್ ಗ್ರೂಪಿಗೆ ಬಿಡುವುದನ್ನು ನಾನು ಯಾವ ಸ್ವಾತಂತ್ರ್ಯದ ಹೆಸರಲ್ಲೂ ಸಮರ್ಥಿಸಲಾರೆ.

ಇಂಟರ್ನೆಟ್ ಆರ್ಕೈವ್ ತಾಣದಿಂದ ಹಳೆಯ ಕನ್ನಡ ಪುಸ್ತಕ ಇಳಿಸಿಕೊಳ್ಳಬಹುದಾ?

ಹಕ್ಕು ಮುಗಿದ ಪುಸ್ತಕ ಧಾರಾಳವಾಗಿ ಇಳಿಸಿಕೊಳ್ಳಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕೂತು ಸಂಶೋಧನೆ ಮಾಡುವವರಿಗೆ ಆ ಇಂಟರ್ನೆಟ್ ಆರ್ಕೈವ್ ದೊಡ್ಡ ಆಸರೆ. ಆದರೆ 2017ರ ಆಗಸ್ಟ್‌ನಲ್ಲಿ ಅದು ಭಾರತದಲ್ಲಿ ತಟ್ಟನೆ ಬಂದ್ ಆಯಿತು. ಎರಡು ಹಿಂದಿ ಸಿನಿಮಾಗಳ ಪೈರಸಿ ತಡೆಯಲು ಮದ್ರಾಸ್ ಹೈಕೋರ್ಟ್ ಎರಡೂವರೆ ಸಾವಿರಕ್ಕೂ ಹೆಚ್ಚು ತಾಣಗಳನ್ನು ತಡೆಯಲು ಆದೇಶ ಕೊಟ್ಟಿತ್ತು, ಆ ಪಟ್ಟಿಯಲ್ಲಿ ಇದೂ ಸೇರಿತ್ತು. ಸಿನಿಮಾ ನಿರ್ಮಾಪಕರ ಕಷ್ಟ ನಿಜವೇ. ಆದರೆ ಪಟ್ಟಿ ಕೊಡುವಾಗ ಒಬ್ಬರಾದರೂ ಆ ತಾಣ ತೆರೆದು ನೋಡಬೇಕಿತ್ತಲ್ಲ!

ಪಂಚಾಯತಿಯಲ್ಲಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 'ಕಾಪಿರೈಟ್ ಇದೆ, ಕೊಡಲ್ಲ' ಅಂದರು.

ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 9 ತೋರಿಸಿ. ಕಾಪಿರೈಟ್ ಕಾರಣ ಹೇಳಿ ನಿರಾಕರಿಸಲು ಆ ಹಕ್ಕು ಸರ್ಕಾರ ಬಿಟ್ಟು ಬೇರೆಯವರದ್ದಾಗಿರಬೇಕು. ಸರ್ಕಾರದ್ದೇ ಎಸ್ಟಿಮೇಟ್, ಸರ್ಕಾರದ್ದೇ ವರದಿಗೆ ಈ ನೆಪ ನಡೆಯುವುದಿಲ್ಲ. ಮೇಲ್ಮನವಿ ಹಾಕಿ.

ಎಸ್.ಎಂ. ಪಂಡಿತರ ಚಿತ್ರವನ್ನು ನಮ್ಮ ಸಂಘದ ಕ್ಯಾಲೆಂಡರಿಗೆ ಹಾಕಬಹುದಾ?

ಕೇಳದೆ ಹಾಕಬೇಡಿ. ನಮ್ಮೂರಿನ ಪಂಡಿತರು ತೀರಿಕೊಂಡದ್ದು 1993ರಲ್ಲಿ, ಹಾಗಾಗಿ 2053ರ ಕೊನೆಯವರೆಗೆ ಹಕ್ಕು ಇದೆ. ಅದು ಅವರ ವಾರಸುದಾರರದ್ದೋ, ಚಿತ್ರ ಬರೆಸಿದವರದ್ದೋ ಎಂಬುದು ಆಯಾ ಚಿತ್ರದ ಕರಾರಿನ ಮೇಲೆ. ಸರ್ಕಲ್‌ನಲ್ಲಿ ಕಾಯಂ ಆಗಿ ನಿಂತ ಪ್ರತಿಮೆಯ ಫೋಟೊ ಬೇಕಾದರೆ ತೆಗೆದು ಹಾಕಿ. ಅದಕ್ಕೆ ವಿನಾಯಿತಿ ಇದೆ.

ಜೈಲಿಗೆ ಹಾಕುತ್ತಾರಾ?

ಹಾಕಬಹುದು. ಸೆಕ್ಷನ್ 63ರಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಇದು ಜಾಮೀನು ಸಿಗದ ಬಗೆಯ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಜಾಮೀನು ಠಾಣೆಯಲ್ಲಿ ಹಕ್ಕಾಗಿ ಸಿಗುವುದಿಲ್ಲ, ಕೋರ್ಟಿನಲ್ಲಿ ಕೇಳಬೇಕು. ಲಾಭಕ್ಕಾಗಿ ಮಾಡಿಲ್ಲ ಎಂದು ತೋರಿಸಿದರೆ ಕೋರ್ಟ್ ಶಿಕ್ಷೆ ಇಳಿಸಬಹುದು. ಸಿನಿಮಾ ಪೈರಸಿ ದಂಧೆಯವರಿಗೂ ಒಂದು ವಿಡಿಯೊ ಹಾಕಿದ ವಿದ್ಯಾರ್ಥಿಗೂ ಒಂದೇ ಸೆಕ್ಷನ್ ಇಟ್ಟಿರುವುದು ನನಗಂತೂ ಸರಿ ಕಾಣುವುದಿಲ್ಲ. ಮಾತಿಗೆ ಭಯ ಹುಟ್ಟುವುದು ಇಲ್ಲೇ.

ಮುಂಬೈಯಿಂದ ವಕೀಲರ ನೋಟಿಸ್ ಬಂದಿದೆ. ಏನು ಮಾಡಲಿ?

ಅವತ್ತೇ ಡಿಲೀಟ್ ಮಾಡಬೇಡಿ, ಅವತ್ತೇ ಜಗಳಕ್ಕೂ ಇಳಿಯಬೇಡಿ. ಮೊದಲು ನೋಟಿಸ್‌ನಲ್ಲಿ ಮೂರು ಹುಡುಕಿ: ಯಾವ ಕೃತಿ, ಅದರ ಹಕ್ಕು ಅವರದ್ದು ಎನ್ನುವುದಕ್ಕೆ ಏನು ಆಧಾರ, ನಿಮ್ಮದರಲ್ಲಿ ಯಾವ ಭಾಗ ನಕಲು. ಈ ಮೂರೂ ಇಲ್ಲದೆ 'ನಮ್ಮ ಕಕ್ಷಿದಾರರ ಹೆಸರು ಕೆಡಿಸಿದ್ದೀರಿ' ಅಂತ ನಾಲ್ಕು ಪುಟ ಇದ್ದರೆ ಅವರಿಗೆ ನೋವಾಗಿರುವುದು ನೀವು ಹೇಳಿದ ವಿಷಯದಿಂದ, ಕಾಪಿರೈಟ್ ಬರೀ ನೆಪ. ಅಂಥದ್ದಕ್ಕೆ ಸೆಕ್ಷನ್ 60 ಇದೆ. ಆಧಾರವಿಲ್ಲದೆ ಬೆದರಿಸಿದವರ ಮೇಲೆ ನೀವೇ ದಾವೆ ಹೂಡಿ, ಬೆದರಿಕೆ ನಿಲ್ಲಿಸಿ ನಷ್ಟ ಕೊಡಿಸಿ ಎಂದು ಕೇಳಬಹುದು. ಅವರು ತಡಮಾಡದೆ ನಿಜವಾಗಿ ಕೇಸ್ ಹಾಕಿ ನಡೆಸಿದರೆ ಮಾತ್ರ ಇದು ನಡೆಯುವುದಿಲ್ಲ.

ಕೇಸ್ ಎಲ್ಲಿ ನಡೆಯುತ್ತದೆ ಅನ್ನುವುದೂ ಮುಖ್ಯ. ಹಕ್ಕುದಾರರು ತಾವು ಇರುವ ಊರಿನಲ್ಲೇ ದಾವೆ ಹೂಡಬಹುದು. ಬಡ ಲೇಖಕರಿಗೆ ಅನುಕೂಲ ಆಗಲಿ ಅಂತ ಇಟ್ಟ ನಿಯಮ ಇದು, ಈಗ ಕಂಪನಿಗಳಿಗೆ ಚೆನ್ನಾಗಿ ಒದಗುತ್ತಿದೆ. ನಕಲು ನಡೆದ ಊರಿನಲ್ಲಿ ಅವರ ಕಚೇರಿ ಇದ್ದರೆ ಬೇರೆ ಊರಿಗೆ ಎಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕಡಿವಾಣ ಹಾಕಿದೆ. ಕಲಬುರಗಿಯಲ್ಲಿ ಅವರ ಕಚೇರಿ ಇಲ್ಲದಿದ್ದರೆ ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ ರೈಲಿನ ಟಿಕೆಟ್ ತೆಗೆಸಬೇಕಾಗಬಹುದು.

ಉತ್ತರವನ್ನು ವಕೀಲರಿಂದ ಬರೆಸಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಪುಕ್ಕಟೆ.